ತೇಗದ ದಿಮ್ಮಿಯ ಇಂಗ್ಲಿಷು

ಇಂಗ್ಲಿಷ್ ಪದಗಳ ಕುಲಗೋತ್ರ ವಿಚಾರಿಸುವ ಚಟವೊಂದು ಇಲ್ಲದಿದ್ದರೆ ಗುಮಾಸ್ತ ಶಂಭುಲಿಂಗಪ್ಪ ಸುಖವಾಗಿರುತ್ತಿದ್ದ. ಮಲಯಾಳಿಗಳ ಗಡಿಗೆ ಅಂಟಿದ ಕಾಡಂಚಿನ ಮದ್ದೂರಿನ ಅರಣ್ಯ ಕಚೇರಿಗೆ ಬಂದು ಆರು ವರ್ಷವಾಗಿತ್ತು. ಹೆಂಡತಿ ನಾಗಮಣಿ, ಮಗಳು ಚಾಮರಾಜನಗರದಲ್ಲಿ. ಭಾನುವಾರಕ್ಕೊಮ್ಮೆ ಬಂದು ಹೋಗುವ ಅಪ್ಪನನ್ನು ಕಂಡರೆ ಮಗಳು ನೆಂಟರಿಗೆ ಹಾಸುವ ಚಾಪೆ ತರುತ್ತಿದ್ದಳು.

ತೊಂಬತ್ನಾಲ್ಕರ ಆ ಸೋಮವಾರ ಹೊಸ ಸಾಹೇಬರು ತಪಾಸಣೆಗೆ ಬರುವವರಿದ್ದರು. ಚಾಮರಾಜನಗರದ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿ. ಶಂಭುಲಿಂಗಪ್ಪನ ಜೇಬಿನಲ್ಲಿ ವರ್ಗಾವಣೆಯ ಅರ್ಜಿ. ಪಕ್ಕದ ಮೇಜಿನ ಪುಟ್ಟಬಸಪ್ಪ ಇದೇ ಊರಿನವನು, ಮನೆಯೂಟ ಬಿಟ್ಟು ಬೇರೆ ಕಂಡವನಲ್ಲ. ಕೇಳದಿದ್ದರೂ ಉಪದೇಶ ಕೊಟ್ಟ.

"ಬರೀ ಅರ್ಜಿ ಕೊಟ್ರೆ ಯಾರ್ ಓದಾರು ಶಂಭಣ್ಣ? ಮೊದ್ಲು ನಿಮ್ ಇಂಗ್ಲಿಷ್ ಕತೆ ಯೋಳಿ. ಸಾಯೇಬ್ರು ಕರಗೋಯ್ತರೆ."

ಸಾಹೇಬರು ತೇಗದ ದಿಮ್ಮಿಗಳ ಮುಂದೆ ನಿಂತದ್ದೇ ತಡ, ಶಂಭುಲಿಂಗಪ್ಪ ಶುರುಮಾಡಿದ. ಇಂಗ್ಲಿಷಿನವರ 'ಟೀಕ್' ಅವರ ಸ್ವಂತದ್ದಲ್ಲ, ಗಡಿಯಾಚೆಯ ಮಲಯಾಳಿಗಳ 'ತೇಕ್ಕ್' ಪೋರ್ಚುಗೀಸರ ಬಾಯಿಗೆ ಬಿದ್ದು ಹಡಗು ಹತ್ತಿದ್ದು ಎಂದ. ಸಾಹೇಬರ ಹುಬ್ಬು ಮೇಲೇರಿತು. ಇವನು ಜೇಬಿಗೆ ಕೈ ಹಾಕುವಷ್ಟರಲ್ಲಿ ಇನ್ನೊಂದು ಹೇಳಿ ಎಂದರು. 'ಮ್ಯಾಂಗೋ' ಹೇಳಿದ. ಊಟಕ್ಕೆ ತಿಳಿಸಾರು ಬಂದಾಗ, ತಮಿಳರ ಮೆಣಸಿನ ನೀರು ದೊರೆಗಳ ಮೇಜಿನಲ್ಲಿ 'ಮಲ್ಲಿಗಟಾನಿ' ಸೂಪಾದ ವೃತ್ತಾಂತ ಹೇಳಿದ. ಸಾಹೇಬರು ಅನ್ನ ಕಲಸುವುದನ್ನೇ ಮರೆತರು. ತಪಾಸಣೆಯೂ ಅಲ್ಲಿಗೇ ಮುಗಿಯಿತು.

ಸಂಜೆ ಜೀಪು ಹತ್ತುವಾಗ ಅರ್ಜಿ ಕೊಟ್ಟ. ಸಾಹೇಬರು ಓದಿ, ನೀಟಾಗಿ ಮಡಿಸಿ, ಅವನ ಕೈಗೇ ಇಟ್ಟರು.

"ನಿಮ್ಮಂಥ ವಿದ್ವಾಂಸರನ್ನ ಅಲ್ಲಿ ಫೈಲು ಕಟ್ಟೋಕೆ ಕಳಿಸಿದ್ರೆ ಪಾಪ ಬರುತ್ತೆ ರೀ. ಕಾಡು ನೋಡೋಕೆ ಫಾರಿನ್ನವರು ಬರ್ತಾರಲ್ಲ, ಇನ್ಮೇಲೆ ಪ್ರತಿ ಭಾನುವಾರ ಅವರಿಗೆ ಇದನ್ನೆಲ್ಲ ಹೇಳಿ."

ಆಮೇಲೆ ಪುಟ್ಟಬಸಪ್ಪನತ್ತ ತಿರುಗಿ, ನೀವೂ ಒಂದು ಪದದ ಹುಟ್ಟು ಹೇಳಿ ನೋಡೋಣ ಎಂದರು. ಅದನ್ನೆಲ್ಲ ಶಂಭಣ್ಣನನ್ನೇ ಕೇಳಬೇಕು ಎಂದು ಅವನು ಹಲ್ಲು ಗಿಂಜಿದ. ಇಲ್ಲಿ ಪ್ರಯೋಜನಕ್ಕೆ ಬಾರದವರು ಅಲ್ಲಾದರೂ ಇರಲಿ ಎಂದು ಸಾಹೇಬರು ಚಾಮರಾಜನಗರದ ಕುರ್ಚಿಗೆ ಅವನ ಹೆಸರನ್ನೇ ಬರೆದು ಹೊರಟರು.

ಜೀಪಿನ ಧೂಳು ಅಡಗುವ ಮುಂಚೆಯೇ ಪುಟ್ಟಬಸಪ್ಪ ಮೆಟ್ಟಿಲ ಮೇಲೆ ಕುಸಿದು ಗೋಳೋ ಎಂದು ಅತ್ತ. ಬೈಯಬೇಕೋ ಸಮಾಧಾನ ಮಾಡಬೇಕೋ ಶಂಭುಲಿಂಗಪ್ಪನಿಗೆ ತಿಳಿಯಲಿಲ್ಲ.

"ಆ ಊರಲ್ಲಿ ನಂಗ್ಯಾರವ್ರೆ ಶಂಭಣ್ಣ? ಎಲ್ಡೊತ್ತೂ ನಿಮ್ಮನೇಲೇ ಉಣ್ತೀನಿ. ಅತ್ಗೆಮ್ಮಂಗೆ ಒಂದ್ ಕಾಗ್ದ ಬರ್ಕೊಡಿ."

ಶಂಭುಲಿಂಗಪ್ಪ ಬರೆದುಕೊಟ್ಟ.