ಟಿ.ವಿ.ಯಲ್ಲಿ ಕಾಣದ ಸೋರಿಕೆ

ತೊಟ್ಟಿಕ್ಕುತ್ತಿದ್ದದ್ದು ಒಂದೊಂದೇ ಹನಿ. ಆದರೆ ಅದು ಮೇಲಿನ ಮನೆಯವರು ಮಿಂದು ಬಿಟ್ಟ ನೀರಿನ ಹನಿ ಎಂಬುದೇ ಕನ್ನಡಕದಂಗಡಿಯವರ ಹೊಟ್ಟೆಯುರಿಗೆ ಕಾರಣ. ಬಚ್ಚಲ ಸೂರಿನಲ್ಲಿ ಅಂಗೈಯಗಲದ ಕಲೆಯಾಗಿ ಶುರುವಾದದ್ದು ಈಗ ಭೂಪಟದಂತೆ ಹರಡಿ, ಹೊಸ ಹೊಸ ದ್ವೀಪಗಳನ್ನೂ ಹುಟ್ಟಿಸಿತ್ತು. ಮಗಳು ಕೊಡೆ ಬಿಚ್ಚಿಕೊಂಡು ಹಲ್ಲುಜ್ಜುತ್ತಿದ್ದಳು.

"ನಾನು ಸ್ನಾನ ಮಾಡ್ತಿರೋದು ನಮ್ಮ ನೀರಲ್ಲೋ, ಅವರ ನೀರಲ್ಲೋ? ಇವತ್ತು ಎರಡರಲ್ಲೊಂದು ಇತ್ಯರ್ಥ ಮಾಡ್ಕೊಂಡೇ ಒಳಗೆ ಬನ್ನಿ," ಎಂದು ಹೆಂಡತಿ ಭಾನುವಾರ ಬೆಳಿಗ್ಗೆಯೇ ಹೇಳಿಬಿಟ್ಟಳು.

ಮೇಲಿನ ಮನೆಯವರು ಹಲ್ಲಿನ ಡಾಕ್ಟರು. ಅವರಿಗೆ ಹೇಳಿ ಹೇಳಿ ಕನ್ನಡಕದಂಗಡಿಯವರ ದವಡೆಯೇ ಸೋತುಹೋಗಿತ್ತು. "ಹಳೇ ಕಟ್ಟಡ ಅಲ್ವಾ ಸಾರ್, ಸ್ವಲ್ಪ ಬೆವರುತ್ತೆ," ಎಂದು ಡಾಕ್ಟರು ನಗುತ್ತಿದ್ದರು. ಇನ್ನುಳಿದದ್ದು ನಿವಾಸಿಗಳ ಸಂಘ. ಸಂಘ ಹೂಂ ಎಂದರೆ ಡಾಕ್ಟರು ನೆಲ ಒಡೆಸಿ ಪೈಪು ರಿಪೇರಿ ಮಾಡಿಸಲೇಬೇಕು.

ಆದರೆ ಸಂಘದಲ್ಲೊಂದು ನಿಯಮವಿತ್ತು. ಅಧ್ಯಕ್ಷರು ನಿವೃತ್ತ ಜೈಲರು. ಯಾರ ಮಾತನ್ನೂ ಕೇಳದೆ ಅವರು ಸಭಾಂಗಣಕ್ಕೆ ಗೋಡೆಯಗಲದ ಟಿ.ವಿ. ತರಿಸಿದ್ದರು. ಇದು ಯಾವ ಸಂಭ್ರಮಕ್ಕೆ ಎಂದು ಜನ ಗೊಣಗಿದ್ದೇ ತಡ, ಇನ್ನು ಮೇಲೆ ಯಾವುದೇ ದೂರನ್ನು ಟಿ.ವಿ.ಯಲ್ಲಿ ತೋರಿಸಿದರೆ ಮಾತ್ರ ಸ್ವೀಕರಿಸುವುದು ಎಂದು ಅಪ್ಪಣೆ ಹೊರಡಿಸಿದರು. ಲಿಫ್ಟ್ ಕೆಟ್ಟು ನಿಂತಾಗ ಅದರ ಚಿತ್ರ ಟಿ.ವಿ.ಯಲ್ಲಿ ಬರುವ ತನಕ ಎಲ್ಲರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದ್ದರು.

ಕನ್ನಡಕದಂಗಡಿಯವರು ಮೊಬೈಲಿನಲ್ಲಿ ಸೋರಿಕೆಯ ವಿಡಿಯೋ ತೆಗೆದು, ಲ್ಯಾಪ್‌ಟಾಪಿಗೆ ಹಾಕಿಕೊಂಡು, ಅಂಗಡಿಯಿಂದ ವೈರನ್ನೂ ತಂದು, ಯುದ್ಧಕ್ಕೆ ಹೊರಟವರ ಹಾಗೆ ಸಭಾಂಗಣಕ್ಕೆ ಬಂದರು. ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ತುದಿ ಟಿ.ವಿ.ಗೆ. ಟಿ.ವಿ. ನೀಲಿಯಾಯಿತು. ಅದರ ನಡುವೆ 'ಸಿಗ್ನಲ್ ಇಲ್ಲ' ಎಂಬ ಪುಟ್ಟ ಚೌಕ ಮೀನಿನ ಹಾಗೆ ಅತ್ತಿಂದಿತ್ತ ಈಜತೊಡಗಿತು.

"ವೈರು ಉಲ್ಟಾ ಹಾಕಿದೀರ," ಎಂದರು ಮುಂದಿನ ಸಾಲಿನಲ್ಲಿ ಕೂತಿದ್ದ ವಿಮೆ ಏಜೆಂಟರು.

"ಇದಕ್ಕೆ ಉಲ್ಟಾ ಸೀದಾ ಇಲ್ಲ ಸ್ವಾಮಿ."

"ಇಲ್ದೆ ಏನು! ಹಾಕಿ ನೋಡಿ."

ಹಾಕಿ ನೋಡಿದರು. ಮೀನು ಈಜುತ್ತಲೇ ಇತ್ತು. ಪಕ್ಕದ ತೂತಿಗೆ ಚುಚ್ಚಿದರು. ರಿಮೋಟಿನ ಗುಂಡಿಗಳನ್ನೆಲ್ಲ ಒತ್ತಿದರು. ಲ್ಯಾಪ್‌ಟಾಪನ್ನು ಆರಿಸಿ ಹಚ್ಚಿದರೆ ಅದು ಇದೇ ಸಮಯವೆಂದು ಕಾದಿದ್ದಂತೆ, ಹೊಸ ಸಾಫ್ಟ್‌ವೇರ್ ಹಾಕಿಕೊಳ್ಳುತ್ತೇನೆ, ಆರಿಸಬೇಡಿ ಎಂದು ಕೂತಿತು. ಮೂರನೇ ಮಹಡಿಯ ಅಜ್ಜಿ ಆಕಳಿಸಿ, "ಊರೋರ ಕಣ್ಣಿಗೆಲ್ಲಾ ಕಾಣೋ ಹಾಗೆ ಮಾಡೋನು ನೀನು. ನಮಗೆ ಇದೊಂದು ಕಾಣಿಸಕ್ಕಾಗ್ಲಿಲ್ವೇನಪ್ಪಾ?" ಎಂದಳು. ಸಭೆ ಗೊಳ್ಳೆಂದಿತು.

ಕನ್ನಡಕದಂಗಡಿಯವರ ಕಿವಿ ಕೆಂಪಾಯಿತು. "ಅಧ್ಯಕ್ಷರೇ, ಆ ಗೋಡೆಯಾಚೆಗೇ ನಮ್ಮ ಬಚ್ಚಲು! ಕಿವಿಗೊಟ್ಟರೆ ಇಲ್ಲಿಗೇ ಕೇಳುತ್ತೆ. ಎದ್ದು ಬಂದು ಕಣ್ಣಾರೆ ನೋಡಿ ಹೋಗಿ!"

ಎಲ್ಲರೂ ಗೋಡೆಯತ್ತ ಕಿವಿ ಚಾಚಿದರು. ಗೋಡೆಯಾಚೆಯಿಂದ 'ತೊಟ್' ಎಂಬ ಶಬ್ದ ಎಲ್ಲರಿಗೂ ಕೇಳಿಸಿತು.

"ಕೇಳಿಸ್ತು," ಎಂದರು ಅಧ್ಯಕ್ಷರು ಗಂಭೀರವಾಗಿ. "ಆದ್ರೆ ಕಾಣಿಸ್ಲಿಲ್ಲ. ಇವತ್ತು ನಿಮ್ಮ ಬಚ್ಚಲಿಗೆ ಬಂದ್ರೆ ನಾಳೆ ಇನ್ನೊಬ್ಬರ ಅಡುಗೆಮನೆಗೆ ಕರೀತಾರೆ. ಶಿಸ್ತು ಬೇಡ್ವೇನ್ರೀ?"

ಅಷ್ಟರಲ್ಲಿ ಲ್ಯಾಪ್‌ಟಾಪು ನಿದ್ದೆ ಮುಗಿಸಿ ಎದ್ದಿತು. ವಿಮೆ ಏಜೆಂಟರಿಗೆ ತಡೆಯಲಾಗಲಿಲ್ಲ. "ಈಗ ಯಾರ್ರೀ ವೈರು ಹಾಕ್ತಾರೆ? ಎಲ್ಲಾ ಗಾಳಿಯಲ್ಲೇ ಹೋಗುತ್ತೆ," ಎನ್ನುತ್ತ ಲ್ಯಾಪ್‌ಟಾಪನ್ನು ತಮ್ಮತ್ತ ಎಳೆದುಕೊಂಡು ಏನೇನೋ ಒತ್ತಿದರು. ಸುತ್ತಮುತ್ತಲ ಟಿ.ವಿ.ಗಳ ಹೆಸರು ಸಾಲಾಗಿ ಬಂದವು. ಮೊದಲನೆಯದನ್ನೇ ಒತ್ತಿದರು. 'ಸಂಪರ್ಕವಾಗಿದೆ' ಎಂದಿತು ಲ್ಯಾಪ್‌ಟಾಪು.

"ನೋಡಿದ್ರಾ! ಹಾಕಿ ಈಗ ವಿಡಿಯೋನ."

ಹಾಕಿದರು. ಲ್ಯಾಪ್‌ಟಾಪಿನಲ್ಲಿ ಹನಿ ಬಿತ್ತು. ಟಿ.ವಿ.ಯಲ್ಲಿ ಮೀನು ಈಜಿತು.

"ಸದ್ದಾದ್ರೂ ಬರ್ಲಿ," ಎಂದು ಏಜೆಂಟರು ಧ್ವನಿಯನ್ನು ತುತ್ತತುದಿಗೆ ಏರಿಸಿದರು. ಸದ್ದೂ ಇಲ್ಲ. ಟಿ.ವಿ. ಬಿಡಿ, ಲ್ಯಾಪ್‌ಟಾಪಿಗೇ ಈಗ ಮೂಕತನ ಹಿಡಿದಿತ್ತು. ಒಳಗೊಳಗೇ ಕನ್ನಡಕದಂಗಡಿಯವರಿಗೆ ಸಮಾಧಾನವೇ ಆಯಿತು. ವಿಡಿಯೋ ತೆಗೆಯುವಾಗ ಸಿಟ್ಟಿನ ಭರದಲ್ಲಿ ಒಂದೆರಡು ಮಾತು ಆಡಿದ್ದರು, ಅಳಿಸಬೇಕೆಂದುಕೊಂಡು ಮರೆತಿದ್ದರು. ಆ ಧೈರ್ಯದ ಮೇಲೆ ಮತ್ತೆ ಹಾಕಿದರು, ಮತ್ತೂ ಹಾಕಿದರು. ಕೊನೆಗೆ ತಾನಾಗಿಯೇ ಸುತ್ತಿ ಸುತ್ತಿ ಬರುವಂತೆ ಬಿಟ್ಟು, ಟಿ.ವಿ.ಯ ಬೆನ್ನ ಹಿಂದೆ ಹೋಗಿ ಜೇಡರಬಲೆ ಮೆತ್ತಿಕೊಂಡು ಹೊರಬಂದರು.

"ಮುಗೀತಾ?" ಅಧ್ಯಕ್ಷರು ಕೇಳಿದರು.

"ಏನ್ ಮುಗಿಯೋದು! ಇದು ಅನ್ಯಾಯ! ನೀರು ಸೋರ್ತಿರೋದು ನನ್ನ ತಲೆ ಮೇಲೆ, ಪರೀಕ್ಷೆ ಬರೀಬೇಕಾದ್ದೂ ನಾನೇನಾ?"

ಆಗ ಬಾಗಿಲು ಧಡಾರೆಂದು ತೆರೆಯಿತು. ಕಾಲು ಉಳುಕಿದೆ ಎಂದು ಸಭೆಗೆ ಬಾರದಿದ್ದ ಹಲ್ಲಿನ ಡಾಕ್ಟರು ಎರಡೂ ಕಾಲಲ್ಲಿ ಸರಾಗವಾಗಿ ನಡೆದು ಬಂದರು. ಮುಖ ಕೆಂಡವಾಗಿತ್ತು.

"ಏನ್ರೀ ಇದು? ನಮ್ಮತ್ತೆ ಮಾವ ಕೂತು ಟಿ.ವಿ. ನೋಡ್ತಿದ್ರು. ಇದ್ದಕ್ಕಿದ್ದ ಹಾಗೆ ಇವರ ಬಚ್ಚಲು ಬಂತು! ಆರಿಸಿದ್ರೂ ಮತ್ತೆ ಬರುತ್ತೆ!"

ಡಾಕ್ಟರ ಹಜಾರ ಸಭಾಂಗಣದ ನೆತ್ತಿಯ ಮೇಲೇ ಇತ್ತು. ಏಜೆಂಟರು ಒತ್ತಿದ ಹೆಸರು ಅವರ ಟಿ.ವಿ.ಯದು.

"ನಿಮ್ಮನ್ನ ಕೇಳ್ದೆ ಹೇಗ್ರೀ ಬರುತ್ತೆ?" ಎಂದರು ಏಜೆಂಟರು.

"ಟಿ.ವಿ. ಏನೋ ಕೇಳ್ತು. ಇವರು ಕೊಟ್ಟ ಕನ್ನಡಕದಲ್ಲಿ ಅಕ್ಷರ ಕಾಣ್ಲಿಲ್ಲ, ಸರಿ ಅಂತ ಒತ್ತಿದೆ!"

ಕನ್ನಡಕದಂಗಡಿಯವರಿಗೆ ಆನಂದ ತಡೆಯಲಾಗಲಿಲ್ಲ. "ಹಾಗಾದ್ರೆ ನೋಡಿದ್ರಲ್ಲ? ಸೋರ್ತಿರೋದು ನಿಜ ತಾನೆ? ಅಧ್ಯಕ್ಷರೇ, ಟಿ.ವಿ.ಯಲ್ಲಿ ಬಂದಾಯ್ತು!"

"ಸಂಘದ ಟಿ.ವಿ.ಯಲ್ಲಿ ಬರ್ಲಿಲ್ಲ," ಎಂದರು ಅಧ್ಯಕ್ಷರು.

"ಅದಕ್ಕೇ ನಾನು ತಂದಿದೀನಿ," ಎಂದು ಡಾಕ್ಟರು ಜೇಬಿನಿಂದ ಮೊಬೈಲು ತೆಗೆದರು. "ನಮ್ಮನೆ ಟಿ.ವಿ.ಯಲ್ಲಿ ಬಂದಿದ್ದನ್ನ ಪೂರ್ತಿ ಹಿಡ್ಕೊಂಡಿದೀನಿ." ಬೆರಳಲ್ಲಿ ಒಮ್ಮೆ ಸವರಿದರು. ಗೋಡೆಯಗಲದ ಟಿ.ವಿ. ಝಗ್ಗನೆ ಬೆಳಗಿತು.

ಅದೇ ಸೂರು. ಅದೇ ಭೂಪಟ. ಹನಿ ಮೊಳಕೆಯೊಡೆದು, ದಪ್ಪಗಾಗಿ, ತೂಗಿ, ತೊಟ್ಟನೆ ಬಿತ್ತು. "ಅಬ್ಬಾ, ಎಷ್ಟು ಚೊಕ್ಕವಾಗಿ ಕಾಣುತ್ತೆ!" ಎಂದು ಅಜ್ಜಿ ಕೈ ತಟ್ಟಿದಳು.

"ನೋಡಿ, ನೋಡಿ!" ಕನ್ನಡಕದಂಗಡಿಯವರು ಕುಣಿದಾಡಿದರು. ಅಷ್ಟರಲ್ಲಿ ಟಿ.ವಿ.ಯೊಳಗಿಂದ ಅವರದೇ ಧ್ವನಿ ಗುಡುಗಿತು. "ನೋಡಿ ಮಹಾಜನರೇ! ಆ ಹಲ್ಲು ಕೀಳೋ ಕಟುಕ ಮೈ ತೊಳೆದ ಕೊಳಚೆ! ಇವನೇನು ಮನುಷ್ಯನೋ ಎಮ್ಮೆಯೋ!"

ಕನ್ನಡಕದಂಗಡಿಯವರು ರಿಮೋಟಿಗಾಗಿ ತಡಕಾಡಿದರು.

"ಇದನ್ನ ನಮ್ಮತ್ತೆ ಕೇಳಿದ್ರು," ಎಂದರು ಡಾಕ್ಟರು. "ಒಂದು ಸಲ ಅಲ್ಲ, ಸುತ್ತಿ ಸುತ್ತಿ. ಇದು ನನ್ನ ದೂರು."

ಅಧ್ಯಕ್ಷರು ಎದ್ದು ನಿಂತರು. "ದೂರು ಸಂಘದ ಟಿ.ವಿ.ಯಲ್ಲಿ ಸ್ಪಷ್ಟವಾಗಿ ಕಂಡಿದೆ, ಸ್ವೀಕರಿಸಿದೀವಿ. ನೆರೆಮನೆಗೆ ನುಗ್ಗಿ ಬೈದಿದ್ದಕ್ಕೆ ಕನ್ನಡಕದವರು ಈಗಲೇ ಮೇಲೆ ಹೋಗಿ ಡಾಕ್ಟರ ಅತ್ತೆಯವರ ಕ್ಷಮೆ ಕೇಳಬೇಕು."

"ಮತ್ತೆ ಸೋರಿಕೆ?" ಕನ್ನಡಕದಂಗಡಿಯವರು ಚೀರಿದರು. "ಎಲ್ಲರೂ ಈಗ ಕಣ್ಣಾರೆ ನೋಡಿದ್ರಲ್ರೀ!"

"ನೋಡಿದ್ವಿ. ಆದ್ರೆ ಅದು ಡಾಕ್ಟರ ದೂರಿನ ಸಾಕ್ಷಿ. ಒಂದೇ ಸಾಕ್ಷಿನ ಎರಡು ದೂರಿಗೆ ಬಳಸೋ ಹಾಗಿಲ್ಲ. ಮುಂದಿನ ಸಭೆಗೆ ನೀವು ಬೇರೆ ವಿಡಿಯೋ ತಗೊಂಡು ಬನ್ನಿ." ಅಧ್ಯಕ್ಷರು ಅವರ ಬೆನ್ನು ತಟ್ಟಿದರು. "ಬೇಜಾರ್ ಮಾಡ್ಕೋಬೇಡಿ. ಹೇಗೂ ಸೋರೋದು ನಿಂತಿಲ್ವಲ್ಲ, ಇನ್ನೊಂದು ತೆಗೆಯೋಕೆ ಕಷ್ಟ ಏನಿದೆ?"