ಜಹೀರಾಬಾದೇ ಸಸ್ತಾ

ತೆಲಂಗಾಣದ ಜಹೀರಾಬಾದಿನಿಂದ ಸಂಸಾರ ಕಿತ್ತುಕೊಂಡು ಗಡಿಯಾಚೆಯ ಬೀದರಿಗೆ ಹೋಗುವ ಮಾತು ಎದ್ದದ್ದು ಬೆಳಗಿನ ಚಹಾದ ಹೊತ್ತಿಗೆ.

‘ಅಲ್ಲಿ ಪೆಟ್ರೋಲ್ ಸಸ್ತಾ, ಮನಿ ಬಾಡಗಿ ಸಸ್ತಾ, ಕಾಯಿಪಲ್ಯ ಅಂತೂ ಕೇಳಬ್ಯಾಡ್ರಿ. ಅವ್ವನ ಮನಿ ಬಾಜೂಕಿನ ಖೋಲಿನೂ ಖಾಲಿ ಅದ’ ಎಂದಳು ಮಯೂರಿ. ಅವಳ ಗಂಡ ಶಿವಕುಮಾರ ಚಹಾದ ಬಸಿ ಕೆಳಗಿಟ್ಟ.

ಟ್ರ್ಯಾಕ್ಟರ್ ಕಾರ್ಖಾನೆಯಲ್ಲಿ ನೂರು ಜನರ ಹಾಜರಿ ಹಿಡಿಯುವ ಮನುಷ್ಯ, ಅತ್ತೆ ಅಮೃತಬಾಯಿಗೆ ಮಾತ್ರ ಹೆದರಿ ಸಾಯುತ್ತಿದ್ದ. ಹೋದ ಸಲ ಬಂದಾಗ ಆಕೆ ಅವನ ತಟ್ಟೆಯನ್ನೇ ನೋಡುತ್ತ ಕೂತಿದ್ದಳು. ಪಾಪ, ಅವನಿಗೆ ಮೂರನೇ ರೊಟ್ಟಿ ಕೇಳುವ ಧೈರ್ಯವೇ ಬರಲಿಲ್ಲ. ಇನ್ನು ಆ ಕಣ್ಣಿನ ಎದುರಿಗೇ ಬಾಳುವೆ ಮಾಡುವುದೆ? ಅಯ್ಯೋ ದೇವರೇ!

‘ಜಹೀರಾಬಾದೇ ಸಸ್ತಾ!’ ಎಂದುಬಿಟ್ಟ.

‘ಹೌದೇನ್ರಿ? ಹಂಗಾದ್ರ ನಡೀರಿ ಸಂತಿಗಿ. ಅವ್ವಗ ಫೋನ್ ಹಚ್ಚಿ ಅಲ್ಲಿ ಟೊಮೇಟೊ ಭಾವ ಕೇಳ್ತೀನಿ. ಇಲ್ಲೇ ಸಸ್ತಾ ಇದ್ರ ಇಲ್ಲೇ ಇರೋಣು.’

ನಡುಗೋಡೆಯ ಮೇಲಿಂದ ನೆರೆಮನೆಯ ಕಲ್ಯಾಣಪ್ಪ ಇಣುಕಿ, ‘ನಾನೂ ಬರ್ತೀನ್ರಿ, ಸಾಕ್ಷಿ ಬೇಕಲ್ಲ’ ಎಂದ. ಅವನನ್ನು ಯಾರೂ ಕರೆದಿರಲಿಲ್ಲ.

ಮಯೂರಿ ಸೀರೆ ಉಡುವಷ್ಟರಲ್ಲಿ ಶಿವಕುಮಾರ ಸಂತೆಗೆ ಓಡಿ, ಟೊಮೇಟೊ ಮಾರುವ ಜಗದೇವಿಯ ಮುಂದೆ ಕುಕ್ಕರಿಸಿದ್ದ. ಆ ಸಂತೆಯಲ್ಲಿ ಎಲ್ಲರೂ ಹೇಳುವುದು ಪಾವಿನ ಭಾವ, ಅಂದರೆ ಕಾಲು ಕಿಲೋದ್ದು.

‘ಹ್ಯಾಂಗ ಅಕ್ಕಾ?’

‘ಪಾವಿಗಿ ಹದಿನೈದು.’

‘ನನ್ನ ಹೆಣ್ತಿ ಬಂದು ಕೇಳಿದ್ರ ಹತ್ತು ಅನ್ರಿ. ಉಳಿದದ್ದು ನಾ ಕೊಡ್ತೀನಿ. ಜೀವದ ಪ್ರಶ್ನಿ ಅದ, ಕೈ ಮುಗೀತೀನಿ.’

‘ಆತು ತಮ್ಮಾ. ಹತ್ತು ಅಂದ್ರ ಹತ್ತೇ.’

ಮಯೂರಿ ಬಂದಳು, ಫೋನು ಸ್ಪೀಕರಿನಲ್ಲಿತ್ತು. ‘ಇಲ್ಲಿ ಕಿಲೋ ಐವತ್ತು ಅದ. ಅಲ್ಲಿ?’ ಎಂದು ಅತ್ತೆಯ ದನಿ ಗದರಿತು.

‘ಅಕ್ಕಾ, ಟೊಮೇಟೊ ಕಿಲೋ ಹ್ಯಾಂಗ?’

ಜಗದೇವಿ ಶಿವಕುಮಾರನ ಮುಖ ನೋಡಿದಳು. ಕೊಟ್ಟ ಮಾತಿಗೆ ತಪ್ಪುವವಳಲ್ಲ ಆಕೆ.

‘ಹತ್ತು.’

ಶಿವಕುಮಾರ ಗಡಬಡಿಸಿ ಎದ್ದ. ಅದು ಪಾವಿನ ಭಾವ ಎನ್ನಲು ಬಾಯಿ ತೆರೆದ. ಫೋನಿನೊಳಗೆ ಅತ್ತೆ ಕೆಮ್ಮಿದಳು. ಬಾಯಿ ತಾನಾಗಿ ಮುಚ್ಚಿಕೊಂಡಿತು.

‘ಬರ್ರೆಪ್ಪೋ, ಟೊಮೇಟೊ ಹತ್ತಕ್ಕ ಕಿಲೋ!’ ಎಂದು ಕಲ್ಯಾಣಪ್ಪ ಇಡೀ ಸಂತೆಗೆ ಕೇಳುವಂತೆ ಕೂಗಿ, ತಾನೇ ಮೊದಲು ಐದು ಕಿಲೋ ಕಟ್ಟಿಸಿಕೊಂಡ.

ಬೆಲ್ಲಕ್ಕೆ ಇರುವೆ ಮುತ್ತಿದಂತೆ ಜನ ಮುತ್ತಿದರು. ಕಿಲೋ ತೂಗಿದಾಗೊಮ್ಮೆ ಜಗದೇವಿ ಮಯೂರಿಯ ಬೆನ್ನ ಹಿಂದಿನಿಂದ ಶಿವಕುಮಾರನಿಗೆ ಬಾಕಿಯ ಲೆಕ್ಕಕ್ಕೆ ಒಂದೊಂದೇ ಬೆರಳು ಎತ್ತಿ ತೋರಿಸುತ್ತಿದ್ದಳು. ಎರಡೂ ಕೈಯ ಬೆರಳು ಮುಗಿದು, ಆಕೆ ತನ್ನ ಕಾಲಿನ ಕಡೆ ನೋಡತೊಡಗಿದಾಗ ಅವನು ತನ್ನ ಜೇಬು ತಡಕಿದ.

‘ನೀವೇ ಗೆದ್ರಿ. ಬೀದರಿಗಿ ಹೋಗೂದು ಬ್ಯಾಡ’ ಎಂದಳು ಮಯೂರಿ.

ಹೋಗಲಿ, ರೊಕ್ಕ ಹೋದರೆ ಹೋಯಿತು, ಜೀವ ಉಳಿಯಿತಲ್ಲ! ಶಿವಕುಮಾರ ಬೆವರು ಒರೆಸಿಕೊಂಡ. ಫೋನು ಇನ್ನೂ ಬಂದ್ ಆಗಿರಲಿಲ್ಲ.

‘ಅಳಿಯಂದಿರು ಅಂದದ್ದು ಖರೇನೇ ಅದ’ ಎಂದಿತು ಅತ್ತೆಯ ದನಿ, ಎಂದೂ ಇಲ್ಲದ ಪ್ರೀತಿಯಿಂದ. ‘ಅಷ್ಟು ಸಸ್ತಾ ಊರು ಬಿಟ್ಟು ನಾ ಇಲ್ಲಿ ಯಾಕ ಇರ್ಲಿ? ಗಂಟು ಕಟ್ಟಲಾಕತ್ತೀನಿ. ಗಡಿತನಕ ಹೆಣ್ಮಕ್ಕಳಿಗಿ ಬಸ್ ಪುಗಸಟ್ಟಿ ಅದ, ಸಂಜೀಕ ಬರ್ತೀನಿ. ಇನ್ನ ಮ್ಯಾಲ ದಿನಾ ಸಂತಿ ನಾನೇ ಮಾಡ್ತೀನಿ.’

ಶಿವಕುಮಾರ ಅಲ್ಲೇ ಟೊಮೇಟೊ ಬುಟ್ಟಿಯ ಪಕ್ಕ ಕೂತುಬಿಟ್ಟ. ಜಗದೇವಿ ಬಾಗಿ ಅವನ ಕಿವಿಯಲ್ಲಿ ಕೇಳಿದಳು:

‘ತಮ್ಮಾ, ಅವರಿಗೂ ಹತ್ತೇ ಅನ್ಲೇನು?’