ಮಹಬೂಬ್ ಚಾಚಾ ಓದಲು ಕಲಿತದ್ದು

ಇಂಗ್ಲಿಷ್ ಕಲಿಸಿದವನಿಗೆ ಸಿಗುವ ಫಲ ಶಾಶ್ವತವಾದದ್ದೆಂದು ನಮ್ಮ ಹುಮನಾಬಾದಿನ ಹಿರಿಯ ಮಾಸ್ತರರು ಹೇಳುತ್ತಾರೆ. ಶಿಷ್ಯ ದೊಡ್ಡ ಸಾಹೇಬನಾಗಿ ಬಂದು ನಡುಬೀದಿಯಲ್ಲಿ ಕಾಲಿಗೆ ಬೀಳುತ್ತಾನಂತೆ. ಇದಕ್ಕೆ ನನ್ನ ಆಕ್ಷೇಪಣೆಯಿದೆ. ಸಾಹೇಬನಾದವನಿಗೆ ಬೀದಿ ಇರಲಿ, ಕಚೇರಿಯಲ್ಲೂ ಸೊಂಟ ಬಗ್ಗುವುದನ್ನು ನಾನು ಕಂಡಿಲ್ಲ. ಇನ್ನು ಫಲ ಶಾಶ್ವತ ಎಂಬ ಮಾತು. ಅದನ್ನು ಮಾತ್ರ ಒಪ್ಪುತ್ತೇನೆ, ಅವರು ಹೇಳುವ ಕಾರಣಕ್ಕಲ್ಲ.

ನಮ್ಮ ಕಡೆ ಒಂದು ರೂಢಿ. ಯಾರಿಗೆ ಇಂಗ್ಲಿಷ್ ಕಾಗದ ಬಂದರೂ, ಅದು ಸಮನ್ಸಿರಲಿ, ಕೂದಲೆಣ್ಣೆಯ ಜಾಹೀರಾತಿರಲಿ, ರುಮಾಲಿನಲ್ಲಿ ಸಿಕ್ಕಿಸಿಕೊಂಡು ನನ್ನಂಥ ಇಂಗ್ಲಿಷ್ ಮಾಸ್ತರನ ಬಳಿ ತರುತ್ತಾರೆ. ಓದಿ ಹೇಳಿದರೆ ಚಹಾ. ಕೆಟ್ಟ ಸುದ್ದಿಗೂ ಚಹಾ ಕುಡಿಸುವ ಜನ. ಹೀಗಾಗಿ ಕೆಟ್ಟದ್ದನ್ನು ಸ್ವಲ್ಪ ನೀರು ಬೆರೆಸಿ ಓದುವ ಚಟ ನನಗೆ ಹತ್ತಿತು. ಗುಲಬರ್ಗಾದಲ್ಲಿ ಓದುವಾಗ ಚರ್ಚಾಸ್ಪರ್ಧೆಯಲ್ಲಿ ಸತ್ಯದ ಪರವಾಗಿ ಒಮ್ಮೆ, ವಿರೋಧವಾಗಿ ಒಮ್ಮೆ ವಾದಿಸಿ ಎರಡೂ ಸಲ ಗೆದ್ದವನು ನಾನು.

ಮಹಬೂಬ್ ಚಾಚಾ ಕಲ್ಯಾಣದವನು. ವಾರದ ಸಂತೆಗೆ ಹುಮನಾಬಾದಿಗೆ ಬಂದು ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುತ್ತಾನೆ. ಮಗ ಖಾಸಿಂ ಯುದ್ಧಕ್ಕೆ ಲಾರಿ ಡ್ರೈವರನಾಗಿ ಹೋಗಿದ್ದ. ಒಂದು ದಿನ ಅವನ ಪಲ್ಟಣಿನಿಂದ ಇಂಗ್ಲಿಷ್ ಕಾಗದ ಬಂತು, ಚಾಚಾ ನನ್ನ ಬಳಿ ತಂದ.

"ಓದ್ರಿ ಮಾಸ್ತರ್, ಅಂವಾ ಯಾವಾಗ ಬರ್ತಾನಂತ?"

ಖಾಸಿಂ ಕಾಳಗದಲ್ಲಿ ಕಾಣೆಯಾಗಿದ್ದಾನೆ, ಬದುಕಿರುವ ಭರವಸೆ ಇಲ್ಲವೆಂದು ಬರೆದಿತ್ತು. ನನ್ನ ಬಾಯಿ, "ಕೆಲಸ ಭಾಳ ಅದಂತ ಚಾಚಾ, ರಜಾ ಸಿಕ್ಕಕೂಡ್ಲೆ ಬರ್ತಾನಂತ" ಎಂದಿತು. ಮುಂದಿನ ಸಂತೆಗೆ ನಿಜ ಹೇಳಿದರಾಯಿತು ಅಂದುಕೊಂಡೆ. ಮುಂದಿನ ಸಂತೆಗೆ ಅವನು ಪೇಢೆ ತಂದ. ರಜೆಯ ಸುದ್ದಿ ನಂಬಿ ರಾಜೇಶ್ವರದ ಹುಡುಗಿಯೊಂದಿಗೆ ಮಗನ ಮದುವೆ ಗೊತ್ತುಮಾಡಿ ಬಂದಿದ್ದ. ಪೇಢೆ ಬಾಯಲ್ಲಿಟ್ಟುಕೊಂಡು ಯಾರು ನಿಜ ಹೇಳಿದ್ದಾರೆ?

ತಿಂಗಳಾದ ಮೇಲೆ, "ನಿಮಗ ಎಷ್ಟ ತಕಲೀಫ್ ಕೊಡ್ಲಿರಿ? ನನಗಽ ಇಂಗ್ಲಿಷ್ ಕಲಿಸಿಬಿಡ್ರಿ" ಎಂದ. ಐವತ್ತು ದಾಟಿದವನು ಅಕ್ಷರಮಾಲೆಯನ್ನೂ ದಾಟಲಾರ, ಕಲಿಯುವಷ್ಟು ದಿನ ಕಾಗದ ಬೇರೆಯವರ ಕೈಗೂ ಹೋಗದು ಎಂದು ಲೆಕ್ಕ ಹಾಕಿ ಒಪ್ಪಿದೆ. ಲೆಕ್ಕ ತಪ್ಪಿತು. ಶಾಲೆಯ ಹುಡುಗರಿಗೆ ಮೂರು ವರ್ಷಕ್ಕೂ ತಲೆಗೆ ಹತ್ತದಿದ್ದುದನ್ನು ಚಾಚಾ ಒಂದು ವರ್ಷದಲ್ಲಿ ಕಲಿತ. ಪಾತ್ರೆಗಳ ತಳದಲ್ಲಿ ಇದ್ದಲಿನಿಂದ ಬರೆದು ಅಭ್ಯಾಸ ಮಾಡುತ್ತಿದ್ದ. ಹಳ್ಳಿಯ ಹೆಂಗಸರು ಯಾರೋ ಮಾಟ ಮಾಡಿದ್ದಾರೆಂದು ಹೆದರಿ ಆ ಪಾತ್ರೆಗಳನ್ನು ತಿರುಗಿ ತಂದಿದ್ದೂ ಉಂಟು. ನಾನಂತೂ ಇಂಥ ಶಿಷ್ಯನಿಲ್ಲವೆಂದು ಊರೆಲ್ಲ ಸಾರುತ್ತ ಕಾಗದದ ವಿಷಯವನ್ನೇ ಮರೆತಿದ್ದೆ. ಅದನ್ನು ಅವನು ಟ್ರಂಕಿನಲ್ಲಿ ಜೋಪಾನ ಮಾಡಿದ್ದ.

ಹೋದ ಸಂತೆಯ ದಿನ ಚಾಚಾ ಕಲಾಯಿಯ ಒಲೆಗೆ ತಿದಿ ಹೂಡಲಿಲ್ಲ. ನೇರ ನನ್ನಲ್ಲಿಗೆ ಬಂದು ಆ ಕಾಗದ ಬಿಚ್ಚಿ, ಕಪ್ಪುಗಟ್ಟಿದ ಬೆರಳನ್ನು ಒಂದೊಂದೇ ಶಬ್ದದ ಕೆಳಗಿಟ್ಟು ಕೊನೆಯ ಸಹಿಯವರೆಗೆ ಗಟ್ಟಿಯಾಗಿ ಓದಿದ. ಎಲ್ಲೂ ತಡವರಿಸಲಿಲ್ಲ. ಆಗ ನನ್ನೊಳಗೆ ಮೊದಲು ಎದ್ದದ್ದು, ಹೇಳಲು ನಾಚಿಕೆಯಾಗುತ್ತದೆ, ಹೆಮ್ಮೆ.

"ತಪ್ಪಾತೇನ್ರಿ ಮಾಸ್ತರ್?"

"ಇಲ್ಲ ಚಾಚಾ."

ಅವನು ಕಾಗದ ಮಡಚಿ ಅಂಗಿಯೊಳಗೆ ಇಟ್ಟುಕೊಂಡ.

"ಎರಡು ಕಡಿಂದ ಹೆಣ್ಣು ಕೇಳಾಕ ಬಂದ್ರೂ ಆ ಹುಡುಗಿ ಒಲ್ಲೆ ಅಂದಾಳಂತ್ರಿ, ಖಾಸಿಂ ಬರ್ತಾನಂತ. ನಾಳಿಗೆ ರಾಜೇಶ್ವರಕ್ಕ ಹೊಂಟೀನಿ. ಆಕಿ ಮುಂದ ಇದನ್ನ ಓದಬೇಕು. ಹೇಳ್ರಿ ಮಾಸ್ತರ್, ಇದರಾಗ ಬರದಂಗ ಓದ್ಲೋ, ನೀವು ಓದಿದಂಗ ಓದ್ಲೋ?"